ಮಿಸ್ಸು ತಡೆಯದ ಆಟ

ಹೋದ ತಿಂಗಳು ತಮ್ಮನ ಮದುವೆಗೆ ಚಪ್ಪರ ಹಾಕಲೆಂದು ಅಂಗಳದಲ್ಲಿ ಹಸಿ ತೆಂಗಿನ ಗರಿ ತಂದು ಹಾಕಿದ್ದರು. ಕಡಿದ ಗರಿಯ ಒಗರು ವಾಸನೆ ಮೂಗಿಗೆ ಬಡಿಯುತ್ತಲೇ ನಾನು ಜಗಲಿಯಲ್ಲೇ ನಿಂತುಬಿಟ್ಟೆ. ಅಕ್ಕನ ಮಗ ಒಂದು ಗರಿಯ ಮೇಲೆ ಅಂಗಾತ ಮಲಗಿಕೊಂಡಿದ್ದ. ಅಮ್ಮ ಅಡುಗೆಮನೆಯಿಂದ ಓಡಿಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಬೈಯಲಿಲ್ಲ. ನನ್ನ ಮುಖ ಮಾತ್ರ ಒಮ್ಮೆ ನೋಡಿದಳು. ಇಬ್ಬರಿಗೂ ನೆನಪಾದದ್ದು ಒಬ್ಬರೇ... ನಮ್ಮ ಶಿಶುವಿಹಾರದ ಮಿಸ್ಸು.

ತೊಂಬತ್ತರ ದಶಕದ ಮಾತು. ಬಿಳಿಗೆರೆಯಿಂದಾಚೆ, ತೋಟಗಳ ನಡುವೆ ನಮ್ಮೂರು. ಊರ ಯಜಮಾನರೊಬ್ಬರ ಹಳೆಯ ಮನೆಯ ಕೆಳಕೋಣೆಯೇ ಶಿಶುವಿಹಾರ. ತಲೆಯ ಮೇಲಿನ ಅಟ್ಟದಲ್ಲಿ ಅವರ ಕಾಯಿಗಳು ಒಣಗಿ ಕೊಬ್ಬರಿಯಾಗುತ್ತಿದ್ದವು. ಮಿಸ್ಸು ತಿಪಟೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ದನಿ ಎಷ್ಟು ಮೆಲ್ಲಗೆಂದರೆ, ಅದು ಕೇಳಬೇಕೆಂದೇ ನಾವು ಗಲಾಟೆ ನಿಲ್ಲಿಸುತ್ತಿದ್ದೆವು. ಅವರು ನಮ್ಮನ್ನು ಸಾಲಾಗಿ ಕೂರಿಸಿ ಬಾಯಿಪಾಠ ಹೇಳಿಸಿದ್ದು ನೆನಪಿಲ್ಲ. ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಇವತ್ತು ಏನು ಆಡೋಣ ಎಂದು ನಮ್ಮನ್ನೇ ಕೇಳುತ್ತಿದ್ದರು. ನಾವು ಹೇಳಿದ್ದೇ ಆ ದಿನದ ಪಾಠ. ಚಿಪ್ಪಿನಲ್ಲಿ ಕೆಮ್ಮಣ್ಣು ಕಲಸಿ ಗೋಡೆಗೆ ಬಳಿದೆವು. ತೆಂಗಿನ ನಾರಿನ ಗಡ್ಡ ಕಟ್ಟಿಕೊಂಡು ಸಂತೆಗೆ ಹೋದೆವು. ಅಕ್ಷರ ಕಲಿಸದೆ ಮಣ್ಣಾಟ ಆಡಿಸಲು ಬಸ್ಸಿನಲ್ಲಿ ಬರಬೇಕೇ ಎಂದು ಊರವರು ಗೊಣಗುತ್ತಿದ್ದರಂತೆ. ಗೊಣಗುತ್ತಲೇ ಕಳಿಸುತ್ತಿದ್ದರು.

ಆ ವರ್ಷ ರತ್ನಿಯ ಅಪ್ಪ ಸತ್ತ. ಕಾಯಿ ಕೀಳಲು ಮರ ಹತ್ತಿದವನು ಕೆಳಗೆ ಬಿದ್ದ. ರತ್ನಿ ನನ್ನ ವಾರಿಗೆಯವಳು, ಐದು ವರ್ಷದವಳು. ತಿಥಿ ಮುಗಿದ ಮೇಲೆ ಅವಳನ್ನು ಮತ್ತೆ ಶಿಶುವಿಹಾರಕ್ಕೆ ತಂದು ಬಿಟ್ಟರು. ಅಳಲಿಲ್ಲ, ಮಾತಾಡಲಿಲ್ಲ, ನಮ್ಮ ಜೊತೆ ಉಣ್ಣಲೂ ಇಲ್ಲ. ಅವಳು ಕೂತ ಮೂಲೆಗೆ ನಾವು ಯಾರೂ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಿಸ್ಸು ಎಂದಿನಂತೆ ಕೇಳಿದಾಗ ಅವಳು ಎದ್ದು ಬಂದು ಹೊರಗೆ ಬಿದ್ದಿದ್ದ ಗರಿಯನ್ನು ತೋರಿಸಿದಳು. ಗರಿಯ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವುದು ನಮ್ಮ ಕಡೆಯ ಮಕ್ಕಳೆಲ್ಲ ಆಡುವ ಆಟವೇ. ಅವಳು ಮಾತ್ರ ನನ್ನನ್ನು ಕೂರಿಸಲಿಲ್ಲ.

"ನೀನು ನಮ್ಮಪ್ಪ. ಮಲಕ್ಕೋ," ಅಂದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ನಾನು ಹೇಳೋಗಂಟ ಏಳ್ಬ್ಯಾಡ."

ಮಿಸ್ಸು ತಡೆಯಲಿಲ್ಲ. ನಿನಗೆ ಒಪ್ಪಿಗೆಯೇ ಎಂದು ನನ್ನನ್ನು ಕೇಳಿದರು, ತಲೆಯಾಡಿಸಿದೆ. ರತ್ನಿ ನನಗೆ ಹೊದಿಸಲು ಬಟ್ಟೆ ಕೇಳಿದಳು, ಕೊಟ್ಟರು. ಪುರಿ ಕೇಳಿದಳು, ನಮ್ಮ ತಿಂಡಿಯ ಡಬ್ಬದಿಂದ ಒಂದು ಹಿಡಿ ಕೊಟ್ಟರು. ಉಳಿದವರು ನನ್ನನ್ನು ಮನೆಯ ಸುತ್ತ ಎಳೆದರು. ಅವಳು ಹೆಣದ ಮುಂದೆ ಚೆಲ್ಲುವಂತೆ ಪುರಿ ಚೆಲ್ಲುತ್ತಾ ಮುಂದೆ ನಡೆದಳು. ಯಾರೂ ನಗಲಿಲ್ಲ. ಕೊನೆಗೆ ನನ್ನ ಎದೆ ಮುಟ್ಟಿ, ಅಪ್ಪಾ ಈಗ ಏಳು, ಎಂದಳು. ಎದ್ದೆ. ಆ ದಿನ ಅವಳು ನಮ್ಮ ಪಕ್ಕ ಕೂತು ಉಂಡಳು.

ಮಾರನೆಯ ದಿನವೂ ಅದೇ ಆಟ, ಅದರ ಮಾರನೆಯ ದಿನವೂ. ಆದರೆ 'ಏಳು' ಅನ್ನುವುದು ದಿನದಿನಕ್ಕೆ ತಡವಾಗುತ್ತಾ ಹೋಯಿತು. ಕಾಲಿನ ಮೇಲೆ ಇರುವೆ ಹತ್ತಿದರೂ ನಾನು ಅಲುಗುತ್ತಿರಲಿಲ್ಲ. ಎಲ್ಲೋ ಮೇಲೆ ಗರಿಗಳು ಒಂದಕ್ಕೊಂದು ಉಜ್ಜುವ ಸದ್ದು. ಇವತ್ತು ಇವಳು ಹೇಳದೇ ಹೋದರೆ...

ತೋಟಕ್ಕೆ ಹೋಗುವವರು ಬೇಲಿಯಾಚೆ ನಿಂತು ನೋಡತೊಡಗಿದರು. ಮಕ್ಕಳು ಹೆಣ ಹೊರುವ ಆಟ ಆಡಿದರೆ ಊರಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂಬ ನಂಬಿಕೆ. ಅದೇ ವಾರ ಕೆರೆ ಏರಿಯ ಕಡೆಯ ಅಜ್ಜರೊಬ್ಬರು ತೀರಿಕೊಂಡರು. ಅವರು ಬಹಳ ಕಾಲದಿಂದ ಹಾಸಿಗೆ ಹಿಡಿದಿದ್ದವರು ಎನ್ನುವುದನ್ನು ಯಾರೂ ನೆನೆಯಲಿಲ್ಲ. ಯಜಮಾನರು ಬಂದು, ಆಟ ಇವತ್ತಿಗೇ ನಿಲ್ಲಬೇಕು ಎಂದರು.

"ನಾನು ಹೇಳ್ಕೊಟ್ಟ ಆಟ ಅಲ್ಲ ಯಜಮಾನ್ರೆ," ಎಂದರು ಮಿಸ್ಸು. "ಆ ಮಗೂನೇ ಮುಗಿಸ್ಬೇಕು. ಒಸಿ ದಿನ ತಡೀರಿ."

"ಯಾರು ಸತ್ತ ಮ್ಯಾಲೆ ಮುಗಿಯಾದು?" ಎಂದು ಕೇಳಿ ಅವರು ಹೊರಟು ಹೋದರು.

ಎರಡು ಮೂರು ದಿನಕ್ಕೆ ಅದು ಮುಗಿಯಿತು. ಸುತ್ತು ಬಂದು ನನ್ನನ್ನು ಅಂಗಳದ ತೆಂಗಿನ ಮರದ ಬುಡದಲ್ಲಿ ಬಿಟ್ಟರು. ಕಾದೆ. ರತ್ನಿಯ ಕೈ ನನ್ನ ಎದೆಯ ಮೇಲಿತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯಿತು.

"ನಮ್ಮಪ್ಪ ಏಳಾಕಿಲ್ಲ ಮಿಸ್," ಎಂದ ದನಿ ಕೇಳಿತು. ಅದರ ಹಿಂದೆಯೇ, ಅಷ್ಟು ದಿನ ಅಳದಿದ್ದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಮಿಸ್ಸು ಅವಳನ್ನು ತೊಡೆಗೆ ಎಳೆದುಕೊಂಡರು. ಇನ್ನೊಂದು ಕೈಯಿಂದ ನನ್ನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಬಹಳ ಹೊತ್ತು ಹಾಗೇ ಕೂತಿದ್ದೆವು.

ಅವತ್ತು ಸಂಜೆ ನನಗೆ ಜ್ವರ ಬಂತು.

ನನಗೆ 'ಏಳು' ಅನ್ನದೆ ಬಿಟ್ಟರಂತೆ ಎಂಬ ಸುದ್ದಿ ಬೆಳಗಾಗುವುದರೊಳಗೆ ಊರೆಲ್ಲ ಹಬ್ಬಿತ್ತು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಜ್ವರ ಇನ್ನೂ ಏರಿತು. ಮಿಸ್ಸು ಬಂದಾಗ ಶಿಶುವಿಹಾರಕ್ಕೆ ಬೀಗ ಬಿದ್ದಿತ್ತು. ಸೀದಾ ನಮ್ಮ ಮನೆಗೆ ಬಂದರು. ಅಮ್ಮ ಹೊಸಿಲಿಗೆ ಅಡ್ಡ ನಿಂತಳು.

"ಬೈಯೋದಿದ್ರೆ ಆಮೇಲೆ ಬೈರಿ," ಎಂದರಂತೆ. "ಮಗೂನ ಈಗ್ಲೇ ತಿಪಟೂರು ಆಸ್ಪತ್ರೆಗೆ ಕರ್ಕಂಡ್ ಬನ್ನಿ. ನಾನು ಬಸ್ ನಿಲ್ಸಿರ್ತೀನಿ."

ಅಮ್ಮ ನನ್ನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಬಂದಾಗ ಬಸ್ಸು ನಿಂತೇ ಇತ್ತು. ಮಿದುಳು ಜ್ವರ ಎಂದರು ಡಾಕ್ಟರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ನಾನು ಉಳಿದೆ. ಅಷ್ಟರಲ್ಲಿ ಊರು ಮಿಸ್ಸಿಗೆ ಬರಬೇಡಿ ಎಂದಿತ್ತು. ಊರ ಬಾಯಲ್ಲಿ ನಾನು ಬದುಕಿದ್ದು ಅವರು ಹೋದದ್ದರಿಂದ.

ರತ್ನಿ ಈಗ ಮಾಯಸಂದ್ರದಲ್ಲಿ ಗಂಡನ ಜೊತೆ ಅಂಗಡಿ ನೋಡಿಕೊಳ್ಳುತ್ತಾಳೆ. ಚಪ್ಪರ ಎದ್ದ ಸಂಜೆ ಅವಳಿಗೆ ಫೋನ್ ಮಾಡಿ, ಮಿಸ್ಸು ಎಲ್ಲಿದ್ದಾರೆಂದು ಗೊತ್ತೇ ಎಂದು ಕೇಳಿದೆ.

"ಹೋದ್ ವರ್ಷ ತೀರ್ಕಂಡ್ರು ಕಣೇ. ತಿಪಟೂರಲ್ಲೇ ಇದ್ರು. ನಾನು ಹೋಗಿದ್ದೆ."

ನನಗೇಕೆ ಹೇಳಲಿಲ್ಲ ಎಂದೆ.

"ನಿಮ್ಮನೇಲಿ ಅವ್ರ ಸುದ್ದಿ ಎತ್ತಂಗಿರ್ಲಿಲ್ವಲ್ಲ," ಎಂದಳು.

ಅಮ್ಮನಿಗೆ ತಿಳಿಸಿದೆ. ಹೂ ಕಟ್ಟುತ್ತಿದ್ದ ಅವಳ ಕೈ ನಿಂತಿತು. "ಅವತ್ತು ಒಂದ್ ಲೋಟ ನೀರೂ ಕೊಡ್ಲಿಲ್ಲ ಆವಮ್ಮಂಗೆ," ಎಂದಳು. ತಿಪಟೂರು ನಮ್ಮೂರಿಗೆ ಒಂದು ಬಸ್ಸಿನ ದಾರಿ. ಇಷ್ಟು ವರ್ಷಗಳಲ್ಲಿ ಸಂತೆಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ ಎಷ್ಟು ಸಲ ಹೋಗಿಬಂದಿದ್ದೆವೋ...