ಸ್ಟಿಕ್ಕರಿನಡಿಯ ದೀಪ

ಮೀನಿಗೆ ಬಾಯಿಲ್ಲ, ಮಾರುವವಳಿಗಾದರೂ ಇರಬೇಕು ಎನ್ನುವುದು ಕಿರಿಮಂಜೇಶ್ವರದ ಜಲಜಕ್ಕನ ಸಿದ್ಧಾಂತ. ಆ ಬಾಯಿಗೆ ಹೆದರಿ ಊರಿನ ಅರ್ಧ ಜನ ಅವಳ ಹತ್ತಿರ ಮೀನು ಕೊಳ್ಳುತ್ತಿರಲಿಲ್ಲ. ಅದೇ ಬಾಯಿಯನ್ನು ನಂಬಿ ಉಳಿದರ್ಧ ಜನ ಬೇರೆ ಯಾರ ಹತ್ತಿರವೂ ಕೊಳ್ಳುತ್ತಿರಲಿಲ್ಲ. ತಲೆಮೇಲಿನ ಬುಟ್ಟಿ ಇಳಿಸಿದ ಕೂಡಲೇ ಅವಳು ಒಂದು ಬಂಗುಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ತೋರಿಸುವಳು. ಒಳಗೆ ಕೆಂಪಗಿದ್ದರೆ "ತಕಣಿ" ಎನ್ನುವಳು. ಮಂಕಾಗಿದ್ದರೆ "ಇದ್ ನಿನ್ನೆದ್, ಇವತ್ತ್ ಬ್ಯಾಡ" ಎಂದು ತಾನಾಗಿಯೇ ಹೇಳಿಬಿಡುವಳು. ಹೀಗೆ ವ್ಯಾಪಾರ ಮಾಡಿದರೆ ಉದ್ಧಾರ ಆದ ಹಾಗೇ ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಅವಳು ಉದ್ಧಾರವಾಗಲಿಲ್ಲ, ಆದರೆ ಹಾಳೂ ಆಗಲಿಲ್ಲ.

ಬುಟ್ಟಿ ಹೊತ್ತು ಹೊತ್ತು ಮೊಣಕಾಲು ಕೈಕೊಟ್ಟಾಗ ಅವಳು ಸ್ಟೇರಿಂಗ್ ಹಿಡಿದಳು. ನಲವತ್ತು ದಾಟಿದ ಹೆಂಗಸು ಕಾರು ಕಲಿಯುವುದೆಂದರೆ ಊರಿಗೆ ಪುಕ್ಕಟೆ ನಾಟಕ. ಗಂಡ ಗೋವರ್ಧನ ದೋಣಿಗೆ ಹೋಗುವವನು, ಕಡಲಿನ ಎಂಥ ಅಬ್ಬರಕ್ಕೂ ಹೆದರದವನು. ಅವಳ ಪಕ್ಕದ ಸೀಟಿನಲ್ಲಿ ಕೂತಾಗ ಮಾತ್ರ ಬಾಗಿಲಿನ ಹಿಡಿಕೆ ಬಿಡುತ್ತಿರಲಿಲ್ಲ. ಆದರೂ ಕಲಿತಳು. ಬೈಂದೂರು ರೈಲ್ವೆ ಸ್ಟೇಷನ್ನಿನ ಎದುರಿನ ಬಾಡಿಗೆ ಕಾರುಗಳ ಸಾಲಿನಲ್ಲಿ ಈಗ ಅವಳದ್ದೂ ಒಂದು. ರೈಲಿಳಿದು ಕೊಲ್ಲೂರಿಗೆ ಹೊರಟವರು ಸಾಲಿನ ಮುಂದಿರುವ ಕಾರು ಹತ್ತಬೇಕು, ಅದು ಹೋದರೆ ಹಿಂದಿನದು ಮುಂದೆ ಬರಬೇಕು. ಆ ಸಾಲಿನಲ್ಲಿ ಒಂದು ಜಾಗ ಸಿಗುವುದಕ್ಕೆ ಅವಳು ಕೇಳಿಸಿಕೊಂಡ ಕುಹಕ ಅಷ್ಟಿಷ್ಟಲ್ಲ. "ಮೀನ್ ವಾಸ್ನೆ ಬತ್ತ್" ಎಂದು ಮೂಗು ಮುಚ್ಚಿಕೊಂಡವನಿಗೆ, "ಮನ್ಯಾಗೆ ಉಂಬುಕೆ ಕೂಕಂಬಾಗ ಬತ್ತಿಲ್ಯಾ ವಾಸ್ನೆ?" ಎಂದು ಕೇಳಿದ್ದಳು. ಆಮೇಲೆ ಯಾರೂ ಮೂಗು ಮುಟ್ಟಲಿಲ್ಲ. ಆದರೆ ಸಾಲಿನ ಹಿರಿಯ ಚಾಲಕ ಕಿಟ್ಟಣ್ಣನ ಮಾತೇ ಅಲ್ಲಿ ಕಾನೂನು. ಅವನು ಬೇಡವೆಂದರೆ ಆ ಜಾಗ ಹೋದಂತೆಯೇ.

ಅವಳ ಕಾರು ಇನ್ನೊಬ್ಬರು ಓಡಿಸಿ ಬಿಟ್ಟದ್ದು, ಆದರೆ ಒಳ್ಳೆಯ ಮಾಡೆಲ್ಲು. ಪ್ರತಿ ಚಕ್ರದೊಳಗೂ ಗಾಳಿ ಅಳೆಯುವ ಒಂದು ಪುಟ್ಟ ಸೆನ್ಸಾರ್ ಇತ್ತು. ಗಾಳಿ ಇಳಿದರೆ ಸ್ಟೇರಿಂಗಿನ ಹಿಂದೆ, ಮೀಟರಿನ ಮೂಲೆಯಲ್ಲಿ, ಹಳದಿ ದೀಪ ಹತ್ತುತ್ತಿತ್ತು. ಒಮ್ಮೆ ಮಗುವಿಗೆ ಅನ್ನ ಮುಟ್ಟಿಸಲು ಕೊಲ್ಲೂರಮ್ಮನ ಸನ್ನಿಧಿಗೆ ಹೊರಟ ಕುಟುಂಬವನ್ನು ಕೂರಿಸಿಕೊಂಡು ಕೊಲ್ಲೂರಿನ ಕಾಡುದಾರಿಯಲ್ಲಿ ಹೋಗುವಾಗ ಅದು ಹತ್ತಿತು. ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಚಕ್ರಕ್ಕೆ ಮೊಳೆ ಹೊಕ್ಕಿತ್ತು. ಅಷ್ಟರಲ್ಲಿ ಮುಂದಿನ ತಿರುವಿನಿಂದ ಬಸ್ಸೊಂದು ರಸ್ತೆಯಿಡೀ ತನ್ನದೇ ಎಂಬಂತೆ ನುಗ್ಗಿ ಬಂತು. ಮಗು ನಿದ್ದೆಯಲ್ಲಿತ್ತು. ದೀಪ ಹತ್ತದೆ, ತಾನು ನಿಲ್ಲಿಸದೆ ಹೋಗಿದ್ದರೆ ಆ ತಿರುವಿನಲ್ಲೇ ಬಸ್ಸಿಗೆ ಎದುರಾಗುತ್ತಿದ್ದೆ ಎಂದು ಜಲಜಕ್ಕನಿಗೆ ಹೊಳೆಯಿತು. ಅವತ್ತಿನಿಂದ ಆ ದೀಪವೆಂದರೆ ಅವಳಿಗೆ ಮನೆಯ ನಾಯಿ ಇದ್ದ ಹಾಗೆ. ಬೊಗಳಿದರೆ ಎದ್ದು ನೋಡಲೇಬೇಕು.

ಟಯರು ಸವೆದವು. ಬ್ರಹ್ಮಾವರದಲ್ಲಿ ಹೆದ್ದಾರಿ ಬದಿಯ ವೆಂಕಟನ ಅಂಗಡಿಯಲ್ಲಿ ನಾಲ್ಕನ್ನೂ ಬದಲಾಯಿಸಿದಳು. ಹೊಸ ಟಯರಿನ ಖುಷಿಯಲ್ಲಿ ಕಾರು ಚಾಲೂ ಮಾಡಿದರೆ ಹಳದಿ ದೀಪ ಕಣ್ಣು ಮಿಟುಕಿಸಿತು. ಮಿಟುಕಿಸಿ ಮಿಟುಕಿಸಿ, ಕೊನೆಗೆ ಹಾಗೇ ಉರಿಯುತ್ತ ನಿಂತಿತು. ಮೂರು ಚಕ್ರಗಳ ಗಾಳಿ ಎಷ್ಟೆಂದು ಪರದೆಯಲ್ಲಿ ಕಾಣುತ್ತಿತ್ತು, ಹಿಂದಿನ ಎಡಚಕ್ರದ ಜಾಗದಲ್ಲಿ ಬರೀ ಒಂದು ಗೆರೆ.

"ಸೆನ್ಸಾರ್ ಅಂದ್ರೆ ಹಾಂಗೇ ಜಲಜಕ್ಕ. ಸ್ವಲ್ಪ ದಿನ ಓಡ್ಸಿ, ತನ್ನಷ್ಟಕ್ಕೇ ಹೋತ್ತ್" ಎಂದ ವೆಂಕಟ.

ಹೋಗಲಿಲ್ಲ. ಮತ್ತೆ ಅವನ ಅಂಗಡಿಗೇ ಹೋದಳು. ಈ ಸಲ ವೆಂಕಟ ಒಳಗೆ ಬಗ್ಗಿ ನೋಡಿದಂತೆ ಮಾಡಿ, ಕೊಲ್ಲೂರಮ್ಮನ ಒಂದು ಗುಂಡನೆಯ ಬಂಗಾರ ಬಣ್ಣದ ಸ್ಟಿಕ್ಕರನ್ನು ಸರಿಯಾಗಿ ದೀಪದ ಮೇಲೆಯೇ ಅಂಟಿಸಿಬಿಟ್ಟ. "ಇನ್ನ್ ಅಮ್ಮ ಕಾಣ್ಕಂತ್ರ್" ಎಂದು ಕೈಮುಗಿದ.

ಅಲ್ಲಿ ಜಲಜಕ್ಕನ ಬಾಯಿ ಕಟ್ಟಿಹೋಯಿತು. ಬೇರೆ ಏನನ್ನು ಅಂಟಿಸಿದ್ದರೂ ಅಲ್ಲೇ ಕಿತ್ತು ಅವನ ಹಣೆಗೆ ಅಂಟಿಸಿ ಬರುತ್ತಿದ್ದಳು. ಅಮ್ಮನ ಮುಖವನ್ನು ಉಗುರಿನಿಂದ ಕೆರೆದು ತೆಗೆಯುವುದು ಹೇಗೆ? ಹಾಗೇ ಓಡಿಸಿದಳು. ಯಾತ್ರಿಕರು ಹತ್ತುವಾಗ ಆ ಸ್ಟಿಕ್ಕರಿಗೆ ಕೈಮುಗಿಯುತ್ತಿದ್ದರು, ಅವಳಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು. ಒಂದು ದಿನ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ಬಾಣಂತಿಯೊಬ್ಬಳು ಹಿಂದೆ ಕೂತಳು. ಕೊಲ್ಲೂರು ಮುಟ್ಟುವವರೆಗೆ ಜಲಜಕ್ಕ ಕಾರನ್ನು ತೆವಳಿಸಿಕೊಂಡೇ ಹೋದಳು. ಕಿವಿರು ಮುಚ್ಚಿ ಮೀನು ಮಾರಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಗಂಡನಿಗೆ ಹೇಳಿದಳು.

"ಅಮ್ಮನ್ನ ಕಿತ್ತ್ ತೆಗುದಾ? ಮಂಡೆ ಸಮ ಇತ್ತಾ ನಿಂಗೆ?" ಎಂದ ಗೋವರ್ಧನ. "ಅಪಶಕುನ ಅದ್. ಎಂತಾರೂ ಆದ್ರೆ?"

"ಹ್ವಾಯ್, ಆಪುದ್ ಅಮ್ಮನ್ನ ತೆಗೆದದ್ದಕ್ಕಲ್ಲ. ಗಾಳಿ ಇಲ್ದಿದ್ದಕ್ಕೆ ಆಪುದ್."

ಬೆಳಿಗ್ಗೆ ಮಿಂದು, ಒದ್ದೆ ಬಟ್ಟೆಯಿಂದ ಸ್ಟಿಕ್ಕರಿನ ಅಂಚು ನೆನೆಸಿ, ಹರಿಯದಂತೆ ಮೆಲ್ಲಗೆ ಬಿಡಿಸಿದಳು. ಕನ್ನಡಿಯ ಮೇಲುಗಡೆ ಮುಂದಿನ ಗಾಜಿಗೆ ಅಂಟು ಹಚ್ಚಿ ಕೂರಿಸಿದಳು. "ಇಲ್ಲಿ ಕೂಕಣಿ ಅಮ್ಮ, ಇಲ್ಲಿಂದ ದಾರಿ ಪೂರ ಕಾಣತ್ತ್" ಎಂದಳು. ಕೆಳಗೆ ಹಳದಿ ದೀಪ ಧಗಧಗ ಉರಿಯುತ್ತಿತ್ತು. ಗೇಜು ತಂದು ನಾಲ್ಕು ಚಕ್ರಗಳಿಗೂ ಒತ್ತಿ ಗಾಳಿ ನೋಡಿಕೊಂಡು ಸ್ಟೇಷನ್ನಿಗೆ ಹೊರಟಳು. ಗೋವರ್ಧನ ಅಂಗಳದಲ್ಲಿ ನಿಂತು ಕಾರು ಕಣ್ಮರೆಯಾಗುವವರೆಗೆ ನೋಡುತ್ತಿದ್ದ.

ಆ ದಿನ ಮೊದಲು ಹತ್ತಿದ ಗಂಡಸು ದೀಪ ಕಂಡು ಇದೇನೆಂದು ಕೇಳಿದ. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ಚಕ್ರದ ಸೆನ್ಸಾರ್ ಕೆಟ್ಟಿದೆ, ಗಾಳಿ ಸರಿಯಿದೆ, ಬೇಕಾದರೆ ನೀವೇ ನೋಡಿ ಎಂದು ಗೇಜು ಮುಂದೆ ಹಿಡಿದಳು. ಅವನು ಗೇಜು ಮುಟ್ಟದೆ ಇಳಿದು ಹಿಂದಿನ ಕಾರು ಹತ್ತಿದ. ಕಿಟ್ಟಣ್ಣ ಉರಿದುಬಿದ್ದ.

"ಎಂತ ಜಲಜ ಇದ್? ಗಿರಾಕಿ ಹೆದ್ರಿ ಓಡುದ್ ನಿಂಗೆ ಕುಶಿಯಾ? ಎಲ್ಲ ಕಾರಿನ ಹೆಸ್ರೂ ಹಾಳಾತ್ತ್. ಆ ಸ್ಟಿಕ್ಕರ್ ಮೊದ್ಲ್ ಇದ್ದಲ್ಲೇ ಹಾಕ್. ಇಲ್ದಿರೆ ನಾಳಿಂದ ಸಾಲಿಗೆ ಬಪ್ಪುದ್ ಬ್ಯಾಡ."

ಅವಳು ತಿರುಗಿ ಮಾತಾಡಲಿಲ್ಲ. ಜಲಜಕ್ಕ ಮಾತಾಡದಿದ್ದರೆ ಸಿಟ್ಟು ಎಲ್ಲಿಗೋ ಹೊರಟಿದೆ ಎಂದೇ ತಿಳಿಯಬೇಕು. ಅದು ನೆಟ್ಟಗೆ ಬ್ರಹ್ಮಾವರಕ್ಕೆ ಹೋಯಿತು. ವೆಂಕಟನ ಅಂಗಡಿಯ ಜಾಕಿನ ಮುಂದೆ ಕಾರು ತಂದು ನಿಲ್ಲಿಸಿ, ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹಿಂದಿನ ಎಡಚಕ್ರ ಬಿಚ್ಚ್ ವೆಂಕಟ."

"ಇವತ್ತ್ ಗಿರಾಕಿ ತುಂಬ ಇದ್ರ್ ಅಕ್ಕ. ನಾಳಿಗೆ ಕಾಂಬ."

"ನಾನೂ ಗಿರಾಕಿಯೇ. ನಾಳಿಗಿನ ತನ್ಕ ಇಲ್ಲೇ ಕೂಕಂತೆ. ಬುತ್ತಿ ಕಟ್ಕಂಡೇ ಬಂದದ್ದ್."

"ಹಳೆ ಸೆನ್ಸಾರ್ ಅಲ್ದಾ, ಸತ್ತ್ ಹೋಯಿರತ್ತ್."

"ಸತ್ರೆ ಹೆಣ ತೋರ್ಸ್."

ಹಿಂದೆ ನಿಂತ ಕಾರುಗಳು ಹಾರನ್ನು ಹೊಡೆಯತೊಡಗಿದವು. ಅವಳು ಹೊಸ ಟಯರುಗಳ ರಾಶಿಯ ಮೇಲೆ ಕೂತು ಬುತ್ತಿಯ ಮುಚ್ಚಳ ತೆಗೆದಳು. ಒಣಮೀನಿನ ಚಟ್ನಿಯ ಘಮ ಅಂಗಡಿಯಿಡೀ ಹರಡಿತು. ಇವಳು ಏಳುವ ಪೈಕಿಯಲ್ಲ ಎಂದು ವೆಂಕಟನಿಗೆ ಖಾತ್ರಿಯಾಯಿತು. ಚಕ್ರ ಬಿಚ್ಚಿಸಿದ, ಟಯರು ಬಿಡಿಸಿದ. ಗಾಳಿ ತುಂಬುವ ವಾಲ್ವಿನ ಬುಡದಲ್ಲಿ ಸೆನ್ಸಾರ್ ಎರಡು ತುಂಡಾಗಿ ನೇತಾಡುತ್ತಿತ್ತು. ಹಳೆ ಟಯರು ಎಬ್ಬಿಸುವಾಗ ಕಬ್ಬಿಣದ ಪಟ್ಟಿ ಅಲ್ಲಿಗೇ ತಾಗಿದ ಗುರುತು ಪಕ್ಕದಲ್ಲೇ ಇತ್ತು.

ವೆಂಕಟ ತಲೆ ಕೆರೆದುಕೊಂಡ. "ಅವತ್ತೇ ಗೊತ್ತಾಯ್ತ್ ಅಕ್ಕ. ಹೇಳ್ರೆ ನೀವ್ ನನ್ನ ಬಿಡ್ತಿರ್ಲಿಲ್ಲ."

"ಈಗ ಬಿಟ್ಟಿದ್ನಾ?" ಎಂದಳು. ಅವಳ ಕಣ್ಣು ಕೌಂಟರಿನ ಪಕ್ಕಕ್ಕೆ ಹೋಯಿತು. ಅಲ್ಲಿ ಅಮ್ಮನ ಸ್ಟಿಕ್ಕರುಗಳ ದಪ್ಪ ಸುರುಳಿಯೊಂದು ತೂಗುತ್ತಿತ್ತು, ಅರ್ಧಕ್ಕರ್ಧ ಖಾಲಿಯಾಗಿತ್ತು. "ವೆಂಕಟ, ನೀನ್ ಮಾಡಿದ್ ತಪ್ಪ್ ಮುಚ್ಚುಕೆ ಅಮ್ಮನ್ನ ಅಡ್ಡ ಇಟ್ಟೆ ಅಲ್ದಾ? ಪಟ್ಟಿ ತಾಗುದ್ ಯಾರ ಕೈಯಲ್ಲೂ ಆತ್ತ್. ಇದ್ ಮಾತ್ರ ನಂಗೆ ತಡ್ಕಂಬುಕೆ ಆತಿಲ್ಲ." ಅವನು ಆ ಸುರುಳಿಯನ್ನು ತೆಗೆದು ಮೇಜಿನ ಡ್ರಾದೊಳಗೆ ಹಾಕಿದ.

ಹೊಸ ಸೆನ್ಸಾರ್ ಮಂಗಳೂರಿನಿಂದ ತನ್ನ ಲೆಕ್ಕದಲ್ಲೇ ತರಿಸುತ್ತೇನೆಂದು ಒಪ್ಪಿಕೊಂಡ. ಅದು ಬಂದ ಮೇಲೆ ಅದರ ಗುರುತನ್ನು ಮಿಷನ್ನಿನಿಂದ ಕಾರಿಗೆ ಹಿಡಿಸಬೇಕಂತೆ, ಅಲ್ಲಿಯವರೆಗೆ ದೀಪ ಉರಿಯುವುದೇ ಅಂತೆ. ಸದ್ಯಕ್ಕೆ ಸಾದಾ ವಾಲ್ವು ಕೂರಿಸಿ ಗಾಳಿ ತುಂಬಿದ. "ಉರೀಲಿ" ಎಂದಳು ಜಲಜಕ್ಕ.

ಮರುದಿನ ಬೆಳಿಗ್ಗೆ ರೈಲಿಗೆ ಬಹಳ ಮುಂಚೆಯೇ ಬಂದು ಅವಳು ಸಾಲಿನ ಮೊದಲ ಜಾಗ ಹಿಡಿಯಲು ಹೊರಟರೆ, ಕಿಟ್ಟಣ್ಣ ಬಂದು ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಸಾಲ್ ನಿಮ್ಮ ಮನಿದ್ ಅಲ್ಲ ಕಿಟ್ಟಣ್ಣ" ಎಂದಳು ಕಿಟಕಿಯಿಂದ ತಲೆ ಹೊರಹಾಕಿ. "ಕಾಲ್ ಹಿಂದ್ ಮಾಡ್ಕಣಿ. ಚಕ್ರಕ್ಕೆ ಗಾಳಿ ಗಟ್ಟಿ ಇತ್ತ್, ಮೇಲೆ ಹತ್ರೆ ನೋವಾತ್ತ್."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಕಿಟ್ಟಣ್ಣ ಸರಿದ, ಆದರೆ ಸೋಲಲಿಲ್ಲ. ರೈಲು ಬಂದು ಕಣ್ಣೂರಿನ ಕಡೆಯ ಒಂದು ಕುಟುಂಬ ಹೊರಗೆ ಬಂದ ಕೂಡಲೇ ಅವರಿಗೆ ಅಡ್ಡ ಹೋದ. ಒಬ್ಬ ಹೆಂಗಸು, ಅವಳ ಮುದಿ ತಾಯಿ, ಒಂದು ಸಣ್ಣ ಮಗು. "ಆ ಕಾರ್ ಬ್ಯಾಡ, ಅದ್ರಾಗೆ ವಾರ್ನಿಂಗ್ ಲೈಟ್ ಉರಿತಿತ್ತ್. ನನ್ನ ಕಾರಿಗೆ ಬನ್ನಿ" ಎಂದ.

ಆ ಹೆಂಗಸು ಆಗಾಗ ಬರುವವಳು, ಕನ್ನಡ ಬರುತ್ತಿತ್ತು. ಜಲಜಕ್ಕನತ್ತ ತಿರುಗಿ, "ಹೌದಾ ಚೇಚಿ? ಹೌದಾ ಅಕ್ಕ?" ಎಂದು ಕೇಳಿದಳು.

"ಹೌದ್. ಟಯರ್ ಹಾಕುವಾಗ ಒಂದ್ ಸೆನ್ಸಾರ್ ಒಡ್ದ್ ಹೋಯ್ತ್. ಹೊಸ್ದ್ ಬಂದಿಲ್ಲ. ಬೆಳಿಗ್ಗೆ ಗಾಳಿ ನಾನೇ ಕಂಡದ್ದ್. ಗೇಜ್ ಇಲ್ಲಿತ್ತ್, ನೀವೂ ಕಾಣಿ. ಹೆದ್ರಿಕೆ ಆದ್ರೆ ಬ್ಯಾಡ, ನಂಗೆ ಬೇಜಾರಿಲ್ಲ."

ಬೇಜಾರಿಲ್ಲ ಎಂದದ್ದು ಶುದ್ಧ ಸುಳ್ಳು. ಈ ಗಿರಾಕಿಯೂ ಹೋದರೆ ಸಾಲಿನಲ್ಲಿ ಅವಳ ಕಥೆ ಮುಗಿದಂತೆಯೇ ಎಂದು ಅವಳಿಗೂ ಗೊತ್ತಿತ್ತು, ಸುತ್ತ ನಿಂತವರಿಗೂ ಗೊತ್ತಿತ್ತು.

ಹೆಂಗಸು ಸ್ವಲ್ಪ ಯೋಚಿಸಿ ಕಿಟ್ಟಣ್ಣನ ಕಾರಿನ ಕಡೆಗೇ ನಡೆದಳು. ಮುಂದಿನ ಬಾಗಿಲು ತೆರೆದು ಚೀಲ ಇಟ್ಟಳು. ಇಟ್ಟವಳು ಅಲ್ಲೇ ನಿಂತಳು. ಸ್ಟೇರಿಂಗಿನ ಹಿಂದೆ, ಮೀಟರಿನ ಮೇಲೆ, ಸರಿಯಾಗಿ ದೀಪ ಹತ್ತುವ ಜಾಗದಲ್ಲೇ, ಗುಂಡನೆಯ ಬಂಗಾರ ಬಣ್ಣದ ಅಮ್ಮ ಕೂತಿದ್ದಳು.

"ಈ ಅಮ್ಮನ ಹಿಂದೆ ಏನಿದೆ?"

"ಎಂತ ಇಲ್ಲ" ಎಂದ ಸ್ಟೇರಿಂಗ್ ಹಿಡಿದು ಕೂತಿದ್ದ ಕಿಟ್ಟಣ್ಣ, ಎನ್ನುವ ಮೊದಲೇ ಅವನ ಅಂಗೈ ಹೋಗಿ ಸ್ಟಿಕ್ಕರನ್ನು ಮುಚ್ಚಿಕೊಂಡಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಇಂಜಿನ್ನಿನ ದೀಪವೋ ಬ್ರೇಕಿನದ್ದೋ, ಅವನಿಗೇ ಗೊತ್ತು, ಅಮ್ಮನಿಗೆ ಗೊತ್ತು. ಸಾಲಿನ ಇನ್ನಿಬ್ಬರು ಮೆಲ್ಲಗೆ ತಮ್ಮ ತಮ್ಮ ಕಾರಿನ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ತನ್ನ ಒಂದು ಸ್ಟಿಕ್ಕರು ಎದ್ದದ್ದಕ್ಕೆ ಇವರಿಗೆಲ್ಲ ಅಷ್ಟು ಉರಿ ಯಾಕೆಂದು ಜಲಜಕ್ಕನಿಗೆ ಆಗ ಅರ್ಥವಾಯಿತು.

ಹೆಂಗಸು ಚೀಲ ಎತ್ತಿಕೊಂಡು ವಾಪಸು ಬಂದಳು. ಗೇಜು ಇಸಿದುಕೊಂಡು ಹಿಂದಿನ ಎಡಚಕ್ರಕ್ಕೆ ಒತ್ತಿ ನೋಡಿದಳು. ನೋಡಿ, ತಾಯಿಯನ್ನೂ ಮಗುವನ್ನೂ ಕರೆದು ಕೂರಿಸಿದಳು.

ಜಲಜಕ್ಕ ಕಾರು ಚಾಲೂ ಮಾಡಿದಳು. ಹಳದಿ ದೀಪ ಎಲ್ಲರೆದುರು ಮಿಟುಕಿಸಿ ಮಿಟುಕಿಸಿ, ಆಮೇಲೆ ಉರಿಯುತ್ತ ನಿಂತಿತು. ಕಿಟ್ಟಣ್ಣನ ಪಕ್ಕ ಬಂದಾಗ ಕಾರು ನಿಧಾನ ಮಾಡಿದಳು.

"ಕಿಟ್ಟಣ್ಣ, ಅಮ್ಮನ್ನ ಒಂಚೂರ್ ಮೇಲೆ ಕೂರ್ಸಿ. ಅವ್ರಿಗೂ ದಾರಿ ಕಾಣ್ಲಿ. ಇವ್ರನ್ನ ಕೊಲ್ಲೂರಿಗೆ ಬಿಟ್ಟ್ ಬತ್ತೆ, ನನ್ನ ಜಾಗ ಸಾಲಲ್ಲೇ ಇರ್ಲಿ."

ಮಧ್ಯಾಹ್ನ ಅವಳು ಮರಳಿ ಬಂದಾಗ ಸಾಲಿನ ಕೊನೆಯಲ್ಲಿ ಅವಳಿಗೆಂದೇ ಒಂದು ಕಾರಿನಷ್ಟು ಜಾಗ ಖಾಲಿ ಬಿಟ್ಟಿತ್ತು.