ಮಕ್ಖಿಗೆ ಕರ್ಪೂರದ ಮಸಿ

ಇವತ್ತು ಬೆಳಿಗ್ಗೆ ಬಾಜೂ ಮನೆಯವರು ಆರತಿ ಬೆಳಗಿದರು. ಕರ್ಪೂರದ ವಾಸನೆ ಕಿಟಕಿಯಿಂದ ಒಳಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ನನಗೆ ನೆನಪಾದದ್ದು ಮಾತ್ರ ಪಿಸ್ತೂಲು! ಅದನ್ನು ಹಿಡಿಯಲು ಕಲಿಸಿದ ಚಾಚಾ...

ಸ್ವಂತ ಚಾಚಾ ಏನಲ್ಲ, ಊರಿಗೆಲ್ಲ ಚಾಚಾ. ಫೌಜಿನಿಂದ ನಿವೃತ್ತರಾದ ಮೇಲೆ ಬೆಳಗಾವಿಯ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಕಲಿಸಲು ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದರು. ಜೇಬಿನಲ್ಲಿ ಒಂದು ತಂಬಾಕಿನ ಡಬ್ಬಿ. ಅದರೊಳಗೆ ತಂಬಾಕಿರಲಿಲ್ಲ, ಮಕ್ಖಿಗಳಿದ್ದವು. ಮಕ್ಖಿ ಎಂದರೆ ಪಿಸ್ತೂಲಿನ ಮೂತಿಯ ಮೇಲೆ ಕೂರಿಸುವ, ಗುರಿ ನೋಡಲಿಕ್ಕಿರುವ ಪುಟ್ಟ ಉಕ್ಕಿನ ತುಂಡು. ಚಾಚಾ ಬೆಳಕಿಗೊಂದರಂತೆ ತಾವೇ ಅರದಿಂದ ಉಜ್ಜಿ ಮಾಡಿಕೊಂಡಿದ್ದರು.

ಬಿಸಿಲು ಚುರುಗುಟ್ಟುವಾಗ ಉಕ್ಕು ಹೊಳೆದು ಕಣ್ಣಿಗೆ ಮೋಸ ಮಾಡುತ್ತದೆ. ಆಗ ಅವರು ಕರ್ಪೂರ ಹಚ್ಚಿ, ಸಣ್ಣದೊಂದು ಮಕ್ಖಿಯನ್ನು ಇಕ್ಕಳದಲ್ಲಿ ಹಿಡಿದು ಹೊಗೆಗೆ ಒಡ್ಡಿ, ಮಸಿ ಹಿಡಿಸುವರು. ಮಳೆಗಾಲದ ಮಬ್ಬಿಗೆ ಬೇರೆಯದು, ದಪ್ಪನೆಯದು, ಬಿಳಿ ಚುಕ್ಕೆ ಇಟ್ಟದ್ದು. ಕರ್ಪೂರ ಹೋಗುತ್ತಿದ್ದುದು ನಮ್ಮವ್ವನ ದೇವರ ಜಗಲಿಯಿಂದ. ಅವ್ವ ಬೈತಾಳೆ ಎಂದರೆ, “ಇದೂ ಒಂದ್ ನಮೂನಿ ಆರತಿನ ಐತಿ ಅಂತ ಹೇಳವಾ ನಿಮ್ಮವ್ವಗ” ಎಂದು ನಗುವರು.

ಒಂದು ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ಚಾಚಾ ಬಿಳಿ ಚುಕ್ಕೆಯ ಮಕ್ಖಿ ತೆಗೆದು ಕೊಟ್ಟರು.

“ಚಾಚಾ, ಬಿಸಿಲೈತ್ರಿ...”

“ಎಲ್ಲಿ ಬಿಸಿಲವಾ? ಮೋಡ ಮುಚ್ಚೈತಲ್ಲ.”

ಮೇಲೆ ನೋಡಿದೆ. ಒಂದು ಚೂರೂ ಮೋಡ ಇರಲಿಲ್ಲ. 

ಬೇಡ ಬೇಡವೆಂದರೂ ಹಟ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ನಿಲ್ಲಲಿಕ್ಕಿಲ್ಲ ಎಂದರು ಅವರು. “ಚಷ್ಮಾ ದಪ್ಪಂದ್ ಹಾಕಿದ್ರ ನಡೀತೈತೇನ್ರಿ ಸಾಹೇಬ್ರ?” ಎಂದು ಚಾಚಾ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದೂ ಚಾಚಾಗೆ ಕಾಣಲಿಲ್ಲ. ಉತ್ತರಕ್ಕೆ ಕಾಯುತ್ತಲೇ ಕುಳಿತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಅವರ ಕೈ ಹಿಡಿದು ಹೊರಗೆ ಕರೆತಂದೆ, ಅಷ್ಟೇ.

ಆಮೇಲೆ ಅವರು ರೈಲು ಹತ್ತಲಿಲ್ಲ. ನಾನೇ ಖಾನಾಪುರಕ್ಕೆ ಹೋಗತೊಡಗಿದೆ. ನನ್ನ ಧ್ವನಿ ಕೇಳಿದ್ದೇ ತಡ, “ಬಾರವಾ, ಕುಂದರ. ಇವತ್ತ ಬೆಳಕ ಹೆಂಗೈತಿ?” ಎನ್ನುವರು. ಬಿಸಿಲೋ ಮೋಡವೋ ಹೇಳುತ್ತಿದ್ದೆ. ಡಬ್ಬಿಯಲ್ಲಿ ಬೆರಳಾಡಿಸಿ, ಆ ಬೆಳಕಿಗೆ ಹೊಂದುವ ಮಕ್ಖಿಯನ್ನು ನನ್ನ ಅಂಗೈಗೆ ಹಾಕುವರು. ಅವರಿಗೆ ಕಾಣುವ ಹಾಗೆ ಏನಾದರೂ ಮಾಡಲು ನನ್ನಿಂದಾಗಲಿಲ್ಲ. ಬೆಳಕು ಹೇಗಿದೆಯೆಂದು ಹೇಳುವುದೊಂದೇ ಆಯಿತು...

ಕೊನೆಯ ಸಲ ಹೋದಾಗ ಡಬ್ಬಿಯನ್ನೇ ನನ್ನ ಕೈಗಿಟ್ಟರು. “ಎಲ್ಲಾ ಬೆಳಕಿಗೂ ಒಂದೊಂದ್ ಮಾಡೇನಿ ನೋಡವಾ. ಕತ್ತಲಿಗಿ ಒಂದ್ ಮಾಡೂದು ಮಾತ್ರ ನನಗ ಆಗಲಿಲ್ಲ.” 

ಚಾಚಾ ತೀರಿಕೊಂಡು ಬಹಳ ವರ್ಷವಾಯಿತು. ಕರ್ಪೂರದ ವಾಸನೆಗೆ ಎದ್ದುಹೋಗಿ ಡಬ್ಬಿ ತೆಗೆದೆ. ಈಗ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ಹೊರಡಬೇಕು, ಹೊರಗೆ ಬಿಸಿಲು ಫಳಗುಟ್ಟುತ್ತಿದೆ. “ಚಾಚಾ, ಬಿಸಿಲೈತ್ರಿ,” ಅಂದುಬಿಟ್ಟೆ ಬಾಯಿ ತಪ್ಪಿ. ಯಾವುದು ಹಾಕಬೇಕೆಂದು ನನಗೆ ಗೊತ್ತಿದೆ. ಆದರೂ ಅಂಗೈ ಚಾಚಿಕೊಂಡು ಕುಳಿತಿದ್ದೇನೆ...