ಹತ್ತು ಸೆಕೆಂಡು ಮೊದಲು ಬಿದ್ದ ಸಿಕ್ಸರ್

‘ನೀನು ಹಾಲ್‌ಗೆ ಬಂದ್ರೆ ವಿಕೆಟ್ ಬೀಳತ್ತೆ ಕಣೋ’ ಎಂದು ಅಣ್ಣ ಅಂದದ್ದು ಯಾವ ಮ್ಯಾಚಿನಲ್ಲೋ, ಈಗ ನೆನಪಿಲ್ಲ. ಅಣ್ಣ ಹೋಗಿ ವರ್ಷಗಳಾದವು. ಆ ಮಾತು ಮಾತ್ರ ನನ್ನ ಹೆಂಡತಿಗೂ ಮಗಳಿಗೂ ಶಾಸ್ತ್ರವಾಗಿ ಉಳಿದಿದೆ. ಕೊನೆಯ ಓವರ್ ಬಂತೆಂದರೆ ನನ್ನ ಜಾಗ ಅಡುಗೆಮನೆ.

ಗೆಳೆಯರೇ, ಇವತ್ತು ಸಂಜೆಯೂ ಹಾಗೇ ಆಯಿತು. ಕೊನೆಯ ಬಾಲಿಗೆ ನಾಲ್ಕು ರನ್ ಬೇಕಿತ್ತು. ‘ಅಪ್ಪಾ, ಪ್ಲೀಸ್, ಒಳಗ್ ಹೋಗಿ’ ಎಂದಳು ಮಗಳು. ಹೋದೆ.

ಹೋದ ತಿಂಗಳು ನಮ್ಮ ಚಂದ್ರಾ ಲೇಔಟಿನ ಮನೆಗೆ ಇಂಟರ್ನೆಟ್ ಲೈನಿನಲ್ಲಿ ಬರುವ ಟಿವಿ ಹಾಕಿಸಿದ್ದೇವೆ. ಚಿತ್ರವೇನೋ ಸ್ವಚ್ಛ, ಆದರೆ ಪಕ್ಕದ ಮನೆಯ ಹಳೇ ಕೇಬಲ್‌ಗಿಂತ ಹತ್ತು ಸೆಕೆಂಡು ಹಿಂದೆ. ಅಡುಗೆಮನೆಗೆ ಗಡೀಪಾರಾದವನಿಗೆ ಮಾತ್ರ ಗೊತ್ತಿರುವ ಸತ್ಯ ಇದು.

ಅಡುಗೆಮನೆಯ ಕಿಟಕಿಯಾಚೆ ಪಕ್ಕದ ಮನೆಯ ಗೌಡರು ಕೂಗಿದರು: ‘ಸಿಕ್ಸು! ಗೆದ್ವಿ ಕಣೇ!’ ನಮ್ಮ ಹಾಲ್‌ನಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ನಾನು ನಡೆದುಹೋಗಿ ಸೋಫಾದ ನಟ್ಟನಡುವೆ ಕೂತೆ.

‘ಅಯ್ಯೋ, ಎದ್ದೇಳ್ರೀ!’ ಹೆಂಡತಿ ಕಿರುಚಿದಳು.

‘ಹೊಡೀತಾನೆ, ನೋಡು.’

ಚೆಂಡು ಹೋಗಿ ಜನರ ನಡುವೆ ಬಿತ್ತು. ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ‘ಇನ್ಮೇಲೆ ಪ್ರತೀ ಮ್ಯಾಚಿಗೂ ನೀವು ಇಲ್ಲೇ ಕೂತ್ಕೋಬೇಕು, ಅಲ್ಲಾಡ್ಬಾರ್ದು’ ಎಂದು ಹೆಂಡತಿ ತೀರ್ಪು ಕೊಟ್ಟಳು. ಇಪ್ಪತ್ತು ವರ್ಷದ ಕಳಂಕ ತೊಳೆದುಹೋಯಿತು. ಗೌಡರ ಕೂಗಿನ ವಿಷಯ ನಾನು ಎತ್ತಲಿಲ್ಲ.

ಒಂದೇ ತೊಂದರೆ. ಸೋಫಾದವರೆಗೆ ಗೌಡರ ದನಿ ಕೇಳಿಸುವುದಿಲ್ಲ. ಮುಂದಿನ ಮ್ಯಾಚಿಗೆ ಏನು ಮಾಡಲಿ, ಅಣ್ಣಾ?